ಬಂಡೆಗೊಂದು ಪಾಠ

ಧರ್ಮಗ್ರಂಥದ ಒಂದು ಪ್ರತಿಯಲ್ಲಿ ಒಂದು ಮಾತು, ಇನ್ನೊಂದರಲ್ಲಿ ಬೇರೆ ಮಾತು ಇದ್ದರೆ ಯಾವುದನ್ನು ನಂಬುವುದು? ನವರಾತ್ರಿಯಲ್ಲಿ ದೇವೀಪುರಾಣ ಓದುವಾಗ ಒಂದಕ್ಷರ ತಪ್ಪಿದರೂ ಸಾಲನ್ನು ಮೊದಲಿಂದ ಹಿಡಿಯುವ ಹೇಮಗುಡ್ಡದ ಮನೆಯಲ್ಲಿ ಬೆಳೆದ ನನಗೆ ಇದು ಬರೀ ಪಂಡಿತರ ಪ್ರಶ್ನೆಯಲ್ಲ. ಉತ್ತರ ಸಿಕ್ಕಿದ್ದು ನಮ್ಮ ಕೊಪ್ಪಳದ ಬಂಡೆಗಳಲ್ಲಿ.

ಕೊಪ್ಪಳದ ಗವಿಮಠದ ಬೆಟ್ಟದಲ್ಲೊಂದು, ಪಾಲ್ಕಿಗುಂಡಿನಲ್ಲೊಂದು ಅಶೋಕನ ಕಿರು ಶಿಲಾಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು, ಮರುವರ್ಷ ಆರ್. ಎಲ್. ಟರ್ನರ್ ಪ್ರಕಟಿಸಿದರು. ಗವಿಮಠದ ಸಾಲುಗಳು ಚೆನ್ನಾಗಿ ಉಳಿದಿವೆ. ಪಾಲ್ಕಿಗುಂಡಿನಲ್ಲಿ ಬಂಡೆಗಳ ಮೇಲೆ ಚಪ್ಪಡಿಗಲ್ಲು ಪಲ್ಲಕ್ಕಿಯ ಛಾವಣಿಯ ಹಾಗೆ ಕೂತಿದೆ. ಅದರ ಕೆಳಗಿನ ಅಕ್ಷರಗಳು ಬಹುಪಾಲು ಸವೆದುಹೋಗಿವೆ. ಗವಿಮಠದ ಪಾಠವನ್ನು ಪಕ್ಕಕ್ಕಿಟ್ಟುಕೊಂಡಾಗಲೇ ಅಲ್ಲಿ ಉಳಿದ ಚೂರುಪಾರು ಅಕ್ಷರಗಳು ವಾಕ್ಯವಾಗುತ್ತವೆ.

ಇದೇ ಶಾಸನ ಮಸ್ಕಿಯಲ್ಲಿದೆ, ಬ್ರಹ್ಮಗಿರಿಯಲ್ಲಿದೆ, ದೂರದ ಮಧ್ಯಪ್ರದೇಶದ ರೂಪನಾಥದಲ್ಲೂ ಇದೆ. ಎಲ್ಲೂ ಅಕ್ಷರಕ್ಕೆ ಅಕ್ಷರ ಒಂದೇ ಅಲ್ಲ. ಜಂಬೂದ್ವೀಪದ ದೇವತೆಗಳ ಮಾತು ಬರುವ ಕಡೆ ರೂಪನಾಥದ ಬಂಡೆ 'ಮಿಸಾ' ಎನ್ನುತ್ತದೆ. ಬ್ಯೂಲರ್ ಅವರಂಥ ದೊಡ್ಡ ವಿದ್ವಾಂಸರು ಅದನ್ನು ಸಂಸ್ಕೃತದ 'ಮೃಷಾ', ಅಂದರೆ ಸುಳ್ಳು ಎಂದು ತಿಳಿದರು. ಜನ ನಿಜವೆಂದು ನಂಬಿದ್ದ ದೇವರುಗಳನ್ನು ಅಶೋಕ ಸುಳ್ಳಾಗಿಸಿದ ಎಂಬ ಅರ್ಥ ಬಂತು. ಎಲ್ಲ ಪಂಥಗಳನ್ನೂ ಗೌರವಿಸಿರೆಂದು ಬೇರೆ ಶಾಸನಗಳಲ್ಲಿ ಸಾರಿದ ದೊರೆಯ ಮೇಲೆ ಎಂಥ ಅಪವಾದ!

1915ರಲ್ಲಿ ಮಸ್ಕಿಯ ಶಾಸನ ಸಿಕ್ಕಿತು. ಅಲ್ಲಿ ಕೆತ್ತಿದವನು ಅದೇ ಜಾಗದಲ್ಲಿ 'ಮಿಸಿಭೂತಾ' ಎಂದು ಬರೆದಿದ್ದ. ಅದು 'ಮಿಶ್ರೀಭೂತ'ವೇ ಹೊರತು 'ಮೃಷಾ' ಅಲ್ಲ. ಮನುಷ್ಯರೊಂದಿಗೆ ಬೆರೆಯದಿದ್ದ ದೇವತೆಗಳು ಈಗ ಬೆರೆತಿದ್ದಾರೆ ಎಂಬುದೇ ಅಶೋಕನ ಮಾತು. ಬ್ರಹ್ಮಗಿರಿಯ ಪಾಠ ಅದನ್ನೇ ತಿರುಗಿಸಿ, ಮನುಷ್ಯರು ದೇವತೆಗಳೊಂದಿಗೆ ಬೆರೆತರು ಎನ್ನುತ್ತದೆ. ಮಾತು ಬೇರೆಯಾದರೂ ಆಶಯ ಒಂದೇ. ಸಾಧನೆ ಮಾಡಿದರೆ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಸ್ವರ್ಗವುಂಟು ಎಂಬ ಶಾಸನದ ತಿರುಳು ಈ ಭೇದಗಳಿಂದ ಕದಲಲಿಲ್ಲ.

ಕ್ರೈಸ್ತರ ಹೊಸ ಒಡಂಬಡಿಕೆಗೂ ಇದೇ ಪರೀಕ್ಷೆ ಎದುರಾಗಿದೆ. ಗ್ರೀಕ್ ಭಾಷೆಯಲ್ಲೇ ಅದಕ್ಕೆ 5,000ಕ್ಕೂ ಹೆಚ್ಚು ಹಸ್ತಪ್ರತಿಗಳಿವೆ. 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16ನೆಯ ಅಧ್ಯಾಯದ 8ನೆಯ ವಚನಕ್ಕೇ ನಿಲ್ಲುತ್ತದೆ. ಆಮೇಲಿನ ಬಹುತೇಕ ಪ್ರತಿಗಳಲ್ಲಿ ಇನ್ನೂ 12 ವಚನಗಳಿವೆ. ಇದನ್ನು ಮುಚ್ಚಿಡದೆ ಟಿಪ್ಪಣಿಯಲ್ಲಿ ಹೇಳುವ ಬೈಬಲ್ ಮುದ್ರಣಗಳು ಇಂದು ಎಷ್ಟೋ ಇವೆ. ಹೇಳಿದ್ದರಿಂದ ಯಾರ ಪ್ರಾರ್ಥನೆಯೂ ನಿಂತಿಲ್ಲ.

ಭಿನ್ನ ಪಾಠಗಳನ್ನೆಲ್ಲ ಅಳಿಸಿ ಒಂದೇ ಪ್ರತಿ ಉಳಿಸಬೇಕೆಂಬ ಹಟ ಮೇಲುನೋಟಕ್ಕೆ ಭಕ್ತಿಯಂತೆ ಕಾಣುತ್ತದೆ. ಆದರೆ ರೂಪನಾಥದ ಬಂಡೆಯೊಂದೇ ಉಳಿದಿದ್ದರೆ ಅಶೋಕ ಇಂದಿಗೂ ದೇವರುಗಳನ್ನು ಜರಿದವನಾಗಿಯೇ ಉಳಿಯುವ ಅಪಾಯವಿತ್ತು. ಅವನ ಮಾತನ್ನು ಕಾಪಾಡಿದ್ದು ಪಾಠಾಂತರ. ಮೂಲದ ಮೇಲೆ ಗೌರವವಿದ್ದವನು ಎಲ್ಲ ಸಾಕ್ಷಿಗಳನ್ನೂ ಕೇಳುತ್ತಾನೆ, ತನಗೆ ಒಪ್ಪದ್ದನ್ನೂ ಉಳಿಸುತ್ತಾನೆ. ನಮ್ಮ ಪುರಾಣ, ವಚನಗಳ ತಾಡೋಲೆಗಳನ್ನು ಅಚ್ಚು ಹಾಕಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪುಟದ ಅಡಿಯಲ್ಲಿ ಪಾಠಾಂತರಗಳಿಗೆ ಜಾಗ ಕೊಡಿ. ನಾವು ತಪ್ಪಾಗಿ ಓದಿದ್ದರೆ ಮುಂದಿನವರು ತಿದ್ದಲು ಅದೊಂದೇ ದಾರಿ.