ಕೈರುಚಿಗೆ ಚಾಕು ಬೇಡವೇ?

ಅಡುಗೆ ಚೆನ್ನಾಗಿದ್ದರೆ ನಾವು ಹೊಗಳುವುದು ಕೈಯನ್ನು. "ಅವರ ಕೈರುಚಿನೇ ಬೇರೆ ಕಣ್ರೀ" ಅಂತೀವಿ. ಬಡಗಿಯ ವಿಷಯದಲ್ಲಿ ಹೀಗಲ್ಲ. ಉಳಿ ಮೊಂಡಾಗಿದೆ, ಇವತ್ತು ಕೆಲಸ ಆಗಲ್ಲ ಅಂತ ಅವನು ಹೇಳಿದರೆ ಒಪ್ಪಿಕೊಳ್ತೀವಿ. ಕ್ಷೌರದಂಗಡಿಯಲ್ಲಿ ಕತ್ತರಿ ಕೂದಲು ಎಳೆದರೆ ಕುರ್ಚಿಯಿಂದ ಎದ್ದೇ ಬಿಡ್ತೀವಿ. ಆದರೆ ಮನೆಯಲ್ಲಿ ದಿನಕ್ಕೆರಡು ಹೊತ್ತು ಬೇಯಿಸಿ ಹಾಕುವವರು "ನನಗೊಂದು ಒಳ್ಳೇ ಚಾಕು ಬೇಕು" ಅಂದರೆ ಮಾತ್ರ ನಮಗೆ ನಗು. "ನಮ್ಮಜ್ಜಿ ಯಾವ ಚಾಕು ಇಟ್ಕೊಂಡಿದ್ರು? ಅಡುಗೆ ಇರೋದು ಕೈಯಲ್ಲಿ" ಅಂತ ಒಂದು ಮಾತು ಬರುತ್ತೆ.

ಅಜ್ಜಿ ಇಟ್ಟುಕೊಂಡಿದ್ದದ್ದು ಈಳಿಗೆಮಣೆ. ಕರಾವಳಿಯವರು ಮೆಟ್ಟುಕತ್ತಿ ಅಂತಾರೆ, ಉತ್ತರ ಕರ್ನಾಟಕದ ಕಡೆ ಇಳಿಗಿ. ಅದರ ಜಾಣತನ ನೋಡಿ: ಕಾಲಲ್ಲಿ ಮಣೆ ಒತ್ತಿ ಹಿಡಿದರೆ ಎರಡೂ ಕೈ ಖಾಲಿ. ಚಾಕುವಿನಲ್ಲಿ ತರಕಾರಿ ನಿಂತಿರುತ್ತೆ, ಅಲಗು ಚಲಿಸುತ್ತೆ. ಈಳಿಗೆಯಲ್ಲಿ ಅಲಗು ನಿಂತಿರುತ್ತೆ, ತರಕಾರಿ ಚಲಿಸುತ್ತೆ. ದೊಡ್ಡ ಬೂದುಗುಂಬಳಕಾಯಿಯನ್ನೂ ಮೈಭಾರ ಬಿಟ್ಟು ಸೀಳಬಹುದು. ಅಂದರೆ ಅಜ್ಜಿ ಬರಿಗೈಲಿ ಅಡುಗೆ ಮಾಡಿದವರಲ್ಲ. ಅವರ ಹತ್ತಿರ ಅವರ ಕೆಲಸಕ್ಕೆ ತಕ್ಕ ಒಳ್ಳೆಯ ಆಯುಧ ಇತ್ತು. ಅದನ್ನು ಮರೆತು ಕೈಯನ್ನಷ್ಟೇ ನೆನಪಿಟ್ಟುಕೊಂಡವರು ಉಂಡು ಎದ್ದವರು.

ನನಗೆ ಚಾಕುಗಳ ಮೋಹ ಇದೆ, ಮುಚ್ಚಿಡುವುದೇನಿಲ್ಲ. ಹತ್ತು ಜನರಿಗೆ ಹುಳಿ, ಕೋಸಿನ ಪಲ್ಯ, ಕೋಸಂಬರಿ ಅಂತಾದರೆ ಎರಡು ಕೆಜಿ ತರಕಾರಿ ಹೆಚ್ಚಬೇಕು. ಆ ಒಂದು ಗಂಟೆ ನನ್ನ ದಿನದ ಅತ್ಯುತ್ತಮ ಗಂಟೆ. ಅದಕ್ಕೇ ಈ ಪ್ರಶ್ನೆ ಕಾಡುತ್ತೆ: ಇನ್ನೊಬ್ಬರ ಹೊಟ್ಟೆ ತುಂಬಿಸುವ ಕೆಲಸದಲ್ಲಿ ನಾನೇ ಸುಖಪಟ್ಟರೆ ಆ ಕೆಲಸದ ಬೆಲೆ ಇಳಿಯುತ್ತದೆಯೇ? ನಮ್ಮಲ್ಲಿ ಅಡುಗೆಯ ಹೊಗಳಿಕೆ ಯಾವಾಗಲೂ ತ್ಯಾಗದ ಭಾಷೆಯಲ್ಲೇ ಇರುತ್ತೆ. ಹೊಗೆ ಕುಡಿದರು, ಕೈ ಸುಟ್ಟುಕೊಂಡರು, ಎಲ್ಲರಿಗೂ ಬಡಿಸಿ ಕೊನೆಗೆ ಉಂಡರು. ಕಷ್ಟಪಟ್ಟರೆ ಮಾತ್ರ ಪ್ರೀತಿ ಅನ್ನುವ ಲೆಕ್ಕ ಇದು.

ಈ ಲೆಕ್ಕ ಹೆಚ್ಚುವ ಮಣೆಯ ಮೇಲೆ ನಿಲ್ಲೋದಿಲ್ಲ. ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕು. ಬಲ ಹಾಕಿದಾಗ ಅದು ಟೊಮೆಟೊ ಸಿಪ್ಪೆಯ ಮೇಲೆ ಜಾರಿ ಬೆರಳಿಗೆ ಬರುತ್ತೆ. ಹರಿತವಾದದ್ದು ಹೋಗಬೇಕಾದ ಕಡೆಗೇ ಹೋಗುತ್ತೆ. ಈರುಳ್ಳಿಯ ವಿಷಯವೂ ಅಷ್ಟೇ. ಅದರ ಜೀವಕೋಶಗಳು ಒಡೆದಾಗ ಒಳಗಿನ ಕಿಣ್ವಗಳು ಕೆಲಸ ಶುರುಮಾಡಿ ಕಣ್ಣುರಿಸುವ ಆವಿ ಹುಟ್ಟುತ್ತೆ. ಮೊಂಡು ಅಲಗು ಜಜ್ಜುತ್ತಾ ಹೋಗುತ್ತೆ, ಹೆಚ್ಚು ಕೋಶ ಒಡೆಯುತ್ತೆ, ಹೆಚ್ಚು ಕಣ್ಣೀರು. ಹೋಳುಗಳು ಒಂದೇ ಅಳತೆಗಿದ್ದರೆ ಒಟ್ಟಿಗೆ ಬೇಯುತ್ತವೆ. ಇಲ್ಲವಾದರೆ ಒಂದು ಕರಗಿಹೋಗಿರುತ್ತೆ, ಇನ್ನೊಂದು ಹಸಿ. ಅಡುಗೆಯವರ ಕಣ್ಣೀರಿನಿಂದ ಹುಳಿಗೆ ರುಚಿ ಬರಲ್ಲ. ಅವರಿಗೆ ಸುಲಭವಾದದ್ದೇ ಉಣ್ಣುವವರಿಗೂ ಒಳ್ಳೆಯದು ಅನ್ನೋದು ಇಲ್ಲಿ ಬರೀ ತತ್ತ್ವವಲ್ಲ, ಪಾತ್ರೆಯೊಳಗೇ ಕಾಣುತ್ತೆ.

ಚೀನಾದ ಪ್ರಾಚೀನ ತತ್ತ್ವಜ್ಞಾನಿ ಚುವಾಂಗ್ ತ್ಸು ಹೆಸರಿನ ಗ್ರಂಥದಲ್ಲಿ ಅಡುಗೆಯವನೊಬ್ಬನ ಕಥೆ ಇದೆ. ಅವನು ದೊರೆಯ ಮುಂದೆ ಎತ್ತನ್ನು ಕತ್ತರಿಸುತ್ತಾನೆ, ಕುಣಿತದ ಲಯದಲ್ಲಿ. ಸಾಮಾನ್ಯ ಅಡುಗೆಯವನಿಗೆ ತಿಂಗಳಿಗೊಂದು ಚಾಕು ಬೇಕು, ಕಡಿಯುತ್ತಾನಲ್ಲ. ಇವನ ಚಾಕು 19 ವರ್ಷವಾದರೂ ಈಗಷ್ಟೇ ಸಾಣೆ ಹಿಡಿದಂತಿದೆ, ಏಕೆಂದರೆ ಅವನು ಎಲುಬಿಗೆ ಹೊಡೆಯುವುದಿಲ್ಲ, ಕೀಲುಗಳ ನಡುವಿನ ಸಂದಿನಲ್ಲಿ ಅಲಗನ್ನು ಹರಿಯಬಿಡುತ್ತಾನೆ. ದೊರೆ ಇದರಿಂದ ಬದುಕುವ ರೀತಿಯನ್ನೇ ಕಲಿತೆ ಅನ್ನುತ್ತಾನೆ. ಚೆಂದದ ಕಥೆ. ಆದರೆ ಅಡುಗೆ ಮಾಡುವ ನನಗೆ ಒಂದು ಕೊರತೆ ಕಾಣುತ್ತೆ: ಆ ಮಾಂಸವನ್ನು ಯಾರು ಉಂಡರು ಅಂತ ಕಥೆ ಹೇಳುವುದೇ ಇಲ್ಲ. ಕುಶಲತೆ ಅಲ್ಲಿಗೇ ಮುಗಿದುಹೋಗುತ್ತೆ.

ನಮ್ಮ ಶರಣರು ಅಲ್ಲಿಗೆ ನಿಲ್ಲಿಸಲಿಲ್ಲ. 12ನೇ ಶತಮಾನದಲ್ಲಿ ಅವರು ಕಾಯಕದ ಜೊತೆ ದಾಸೋಹವನ್ನೂ ಕಟ್ಟಿದರು. ಕೆಲಸದಲ್ಲಿ ತನ್ಮಯರಾಗಿ, ಸಂತೋಷಪಡಿ, ಬೇಡ ಅಂದವರ್ಯಾರು? ಆದರೆ ಅದರ ಫಲ ಹಂಚಿಹೋಗಬೇಕು. ನನ್ನ ಪ್ರಶ್ನೆಗೆ ಇದರಲ್ಲಿ ಉತ್ತರ ಸಿಗುತ್ತೆ ಅನ್ನಿಸುತ್ತೆ. ಹೆಚ್ಚುವವರ ಸುಖ ಉಣ್ಣುವವರ ಪಾಲಿನಿಂದ ಕದ್ದದ್ದಲ್ಲ. ಹುಳಿಯ ಹೋಳು ಸಮವಾಗಿ ಬೆಂದರೆ ಇಬ್ಬರಿಗೂ ಲಾಭ.

ಶೋಕಿಯ ಮಾತೂ ಬರುತ್ತೆ, ಅದನ್ನು ತಳ್ಳಿಹಾಕುವಂತಿಲ್ಲ. ಜಪಾನಿನ ಸಕಾಯ್ ಊರಿನ ಚಾಕು, ಜರ್ಮನಿಯ ಸೋಲಿಂಗನ್ ಊರಿನ ಚಾಕು ಅಂತ ಸಾಲಾಗಿ ಗೋಡೆಗೆ ಅಂಟಿಸಿ, ಊಟಕ್ಕೆ ಹೋಟೆಲಿಂದ ತರಿಸುವವರು ಇದ್ದಾರೆ. ಭಾನುವಾರ ಮಾತ್ರ ಅಡುಗೆಮನೆಗೆ ಇಳಿಯುವ ಗಂಡಸರ ಕೈಯಲ್ಲಿ ಮೂರು ಸಾವಿರದ ಚಾಕು, ಉಳಿದ ಆರು ದಿನ ಅಡುಗೆ ಮಾಡುವ ಹೆಂಡತಿಯ ಕೈಯಲ್ಲಿ ಹಿಡಿ ಅಲ್ಲಾಡುವ ಹಳೇ ಚಾಕು, ಹೀಗಿರುವ ಮನೆಗಳೂ ಉಂಟು. ಭಾನುವಾರದ ಅಡುಗೆಯನ್ನು ಕಲೆ ಅಂತೀವಿ, ಸೋಮವಾರದ್ದನ್ನು ಕರ್ತವ್ಯ ಅಂತೀವಿ. ತಪ್ಪು ಒಳ್ಳೇ ಚಾಕುವಿನ ಮೋಹದಲ್ಲಿಲ್ಲ, ಅದು ಯಾರ ಕೈಗೆ ಸೇರುತ್ತೆ ಅನ್ನೋದರಲ್ಲಿದೆ. "ಕೈರುಚಿ" ಅನ್ನುವ ಹೊಗಳಿಕೆಯ ಇನ್ನೊಂದು ಮುಖವೂ ಇದೇ. ಅದು ನಮಗೆ ಖರ್ಚಿಲ್ಲದೆ ಸಿಗುವ ಕೂಲಿ. ರುಚಿಯೆಲ್ಲ ಕೈಯಲ್ಲೇ ಇದೆ ಅಂದಮೇಲೆ ಚಾಕು ಕೊಡಿಸುವ ಗೊಡವೆ ಇರಲ್ಲ.

ಉಕ್ಕು ನಮಗೆ ಹೊರಗಿನ ವಸ್ತುವೂ ಅಲ್ಲ. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಯುರೋಪಿನವರು ವೂಟ್ಜ್ ಅಂತ ಕರೆದರು. ಆ ಹೆಸರು ನಮ್ಮ "ಉಕ್ಕು" ಪದದಿಂದಲೇ ಬಂದದ್ದೆಂಬ ಅಭಿಪ್ರಾಯ ಬಲವಾಗಿದೆ. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ವಿಧಾನವನ್ನು ಫ್ರಾನ್ಸಿಸ್ ಬುಕಾನನ್ 1800ರ ಹೊತ್ತಿಗೆ ನೋಡಿ ಬರೆದಿಟ್ಟಿದ್ದಾನೆ. ಅಂಥ ನಾಡಿನಲ್ಲಿ ಎಷ್ಟೋ ಮನೆಗಳಲ್ಲಿ ಅತಿ ಹೆಚ್ಚು ದುಡಿಯುವ ಅಲಗು ಅತಿ ಮೊಂಡಾದದ್ದು.

ಆಯುಧಪೂಜೆಯ ದಿನ ಸ್ಕೂಟರು, ಕಾರು, ಕಂಪ್ಯೂಟರಿಗೆಲ್ಲ ಹೂವಿಡುತ್ತೇವೆ. ಈಳಿಗೆಮಣೆಗೂ ಚಾಕುವಿಗೂ ಅರಿಶಿನ ಕುಂಕುಮ ಹಚ್ಚುತ್ತೇವೆ. ಒಳ್ಳೆಯ ಪದ್ಧತಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಹಣ್ಣಾದ ಟೊಮೆಟೊ ಒಂದರ ಮೇಲೆ ನಿಮ್ಮನೆ ಚಾಕುವನ್ನಿಟ್ಟು, ಒತ್ತದೆ ಮೆಲ್ಲಗೆ ಎಳೆಯಿರಿ. ಸಿಪ್ಪೆ ಬಿಟ್ಟುಕೊಟ್ಟರೆ ಸಂತೋಷ. ಜಾರಿದರೆ ಸಾಣೆಕಲ್ಲು ತನ್ನಿ, ಇಲ್ಲವೇ ಸೈಕಲ್ ತುಳಿದು ಸಾಣೆ ಹಿಡಿಯುವವರು ಬೀದಿಗೆ ಬಂದಾಗ ಕೂಗಿ ಕರೆಯಿರಿ. ಆಮೇಲೆ, ದಿನಾ ಅದನ್ನು ಹಿಡಿಯುವವರನ್ನು ಕೇಳಿ: "ನಿಮಗೆ ಎಂಥ ಚಾಕು ಬೇಕು?" ಬಹಳ ಮನೆಗಳಲ್ಲಿ ಇದನ್ನು ಇದುವರೆಗೆ ಯಾರೂ ಕೇಳಿಯೇ ಇರುವುದಿಲ್ಲ.