ರಾತ್ರಿ ಎರಡು ಗಂಟೆಗೆ ಏಳುವವರು ಯಾರು?

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಕಡೆ ಮನೆಯೊಂದಕ್ಕೆ ಪರಮಪ್ರಸಾದ ಕೊಂಡೊಯ್ದಾಗ ಎದುರಾದ ಪ್ರಶ್ನೆಯೊಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ಕಟ್ಟಡ ಕೆಲಸದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಆ ಮನೆಯ ಯಜಮಾನರಿಗೆ ಹಾಸಿಗೆ ಹುಣ್ಣಾಗಿತ್ತು. ಸೋಂಕು ಮೂಳೆಯನ್ನು ಮುಟ್ಟಿದೆಯೆಂದು ವೈದ್ಯರು ತಿಳಿಸಿದ್ದರು. ಬಾಗಿಲವರೆಗೆ ಬಂದ ಅವರ ಪತ್ನಿ, "ಸ್ವಾಮಿ, ಇದು ನನ್ನ ತಪ್ಪಾ?" ಎಂದು ಮೆಲ್ಲನೆ ಕೇಳಿದರು. "ಇಲ್ಲಮ್ಮ" ಎಂದು ಹೇಳಿ ಬಂದೆ. ಉತ್ತರ ಅಷ್ಟು ಸುಲಭದ್ದೇ?

ನರಕ್ಕೆ ಘಾಸಿಯಾದ ಮೇಲೆ ಇಂಥ ಹುಣ್ಣು ಬಂದೇ ತೀರುವುದೆಂದು 19ನೆಯ ಶತಮಾನದ ಪ್ರಸಿದ್ಧ ಫ್ರೆಂಚ್ ವೈದ್ಯ ಶಾರ್ಕೊ ನಂಬಿದ್ದರು. ಅದೇ ಕಾಲದ ಬ್ರೌನ್ ಸೆಕಾರ್ ಒಪ್ಪಲಿಲ್ಲ; ಒತ್ತಡವನ್ನೂ ತೇವವನ್ನೂ ತಪ್ಪಿಸಿದರೆ ಹುಣ್ಣಾಗದೆಂದು ಪ್ರಾಣಿಗಳಲ್ಲಿ ತೋರಿಸಿದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ, ನಾಜಿಗಳಿಂದ ಪಾರಾಗಿ ಬಂದಿದ್ದ ಯೆಹೂದಿ ವೈದ್ಯ ಲುಡ್ವಿಗ್ ಗುಟ್‌ಮನ್ ರೋಗಿಗಳನ್ನು ಹಗಲಿರುಳೂ ಎರಡು ಗಂಟೆಗೊಮ್ಮೆ ಮಗ್ಗುಲು ಹೊರಳಿಸುವ ಪದ್ಧತಿಯನ್ನು ಜಾರಿಗೆ ತಂದರು. ಅಲ್ಲಿಗೆ, ವಿಧಿಯ ಮೇಲೆ ಭಾರ ಹಾಕುವ ಅವಕಾಶ ತಪ್ಪಿತು. ತಡೆಯಬಹುದಾದುದಕ್ಕೆ ಯಾರಾದರೂ ಹೊಣೆಯಾಗಲೇಬೇಕಲ್ಲ.

ಸೋಂಕು ಮೂಳೆಗಿಳಿದರೆ ಚಿಕಿತ್ಸೆ ಕಠಿಣ. ಗಾಯದಲ್ಲಿ ಮೂಳೆ ಕಂಡ ಮಾತ್ರಕ್ಕೆ ಸೋಂಕಿದೆಯೆಂದಲ್ಲ. ಮೇಲಿನ ಕೀವಿನ ಪರೀಕ್ಷೆ ದಾರಿ ತಪ್ಪಿಸಬಹುದು. ಮೂಳೆಯ ಚೂರನ್ನೇ ತೆಗೆದು ಪರೀಕ್ಷಿಸುವುದು ಹೆಚ್ಚು ಖಚಿತ. ಸತ್ತ ಮೂಳೆಯನ್ನು ತೆಗೆದು, ಪಕ್ಕದ ಮಾಂಸಖಂಡದಿಂದ ಗಾಯ ಮುಚ್ಚಿ, ಆರು ವಾರಗಳವರೆಗೆ ಆ್ಯಂಟಿಬಯಾಟಿಕ್ ಕೊಡುವುದುಂಟು. ಗಾಯ ಮುಚ್ಚದೆ ಔಷಧಿಯನ್ನಷ್ಟೇ ದೀರ್ಘಕಾಲ ಕೊಟ್ಟರೆ ಪ್ರಯೋಜನ ಸಂದೇಹಾಸ್ಪದ. ಒತ್ತಡ ತಪ್ಪದಿದ್ದರಂತೂ ಮುಚ್ಚಿದ ಜಾಗವೂ ಮತ್ತೆ ಒಡೆಯುತ್ತದೆ.

"ಜಮೀನು ಮಾರಿಯಾದರೂ ಆಪರೇಷನ್ ಮಾಡಿಸಬೇಕೇ?" ಎಂದು ಕುಟುಂಬಗಳು ನಮ್ಮನ್ನು ಕೇಳುತ್ತವೆ. 1957ರ ನವೆಂಬರಿನಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ವೈದ್ಯರಿಗೆ ನೀಡಿದ ಉತ್ತರವನ್ನು ಸೆಮಿನರಿಯಲ್ಲಿ ಕಲಿತಿದ್ದೆವು: ಸಾಧಾರಣ ಉಪಾಯಗಳನ್ನು ಕೈಗೊಳ್ಳಲು ಮಾತ್ರ ನಾವು ಬದ್ಧರು, ತನಗಾಗಲಿ ಇತರರಿಗಾಗಲಿ ಅತಿಯಾದ ಹೊರೆಯಾಗುವಂಥದ್ದು ಕಡ್ಡಾಯವಲ್ಲ. ದುಬಾರಿ ಶಸ್ತ್ರಚಿಕಿತ್ಸೆ ಅಸಾಧಾರಣ, ಮಗ್ಗುಲು ಹೊರಳಿಸುವುದು ಸಾಧಾರಣ ಎಂದು ನಾನೂ ಬಹುಕಾಲ ಬೋಧಿಸಿದೆ. "ಇತರರಿಗಾಗಲಿ" ಎಂಬ ಮಾತಿನ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

ಸರದಿಯ ಮೇಲೆ ದುಡಿಯುವ ದಾದಿಯರಿರುವ ವಾರ್ಡಿನಲ್ಲಿ ಸಾಧಾರಣವಾದುದು, ಹಗಲು ಕೂಲಿಗೆ ಹೋಗಿ ರಾತ್ರಿ ನಾಲ್ಕು ಬಾರಿ ಏಳಬೇಕಾದ ಒಬ್ಬಳೇ ಹೆಣ್ಣಿಗೆ ಸಾಧಾರಣವೇ? ಆಕೆ ಒಂದು ರಾತ್ರಿ ನಿದ್ರೆಗೆ ಜಾರಿದ್ದು ಪಾಪವಲ್ಲ. ಆದರೆ ಕರ್ತವ್ಯ ಅಲ್ಲಿಗೆ ರದ್ದಾಗಲಿಲ್ಲ. ಅದು ಪಕ್ಕದ ಮನೆಗೆ ದಾಟಿತು. ಭಾವಮೈದುನನಿಗೆ, ಬೆಳೆದ ಮಗನಿಗೆ, ಭಾನುವಾರ ಹಣ್ಣು ತಂದುಕೊಟ್ಟು ಹೋಗುವ ನಮಗೆ ಸೇರಿತು. ಗಂಡಸರು ಇದನ್ನು ಹೆಂಗಸರ ಕೆಲಸವೆಂದೇ ಎಣಿಸಿದ್ದಾರೆಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಮುಂದಿನ ತಿಂಗಳು ಆ ಮನೆಗೆ ಹೋದಾಗ ಯಜಮಾನರು, "ಎಚ್ಚರವಿದ್ದರೂ ಅವಳನ್ನು ಕೂಗುವುದಿಲ್ಲ ಸ್ವಾಮಿ. ಪಾಪ, ಮಲಗಿಕೊಳ್ಳಲಿ" ಎಂದರು. ಪತ್ನಿಯ ನಿದ್ರೆಗಾಗಿ ಅವರು ತಮ್ಮ ಮೈಯನ್ನೇ ತೆರುತ್ತಿದ್ದರು. ಅಂದು ಅವರ ಅಣ್ಣನನ್ನು ಕರೆಸಿ ಮಾತನಾಡಿದೆ. ಈಗ ಅಣ್ಣನ ಮಗ ವಾರಕ್ಕೆ ಮೂರು ರಾತ್ರಿ ಅಲ್ಲೇ ಮಲಗುತ್ತಾನೆ. ಚರ್ಮ ಉಜ್ಜದಂತೆ ಮೇಲುಹಾಸನ್ನು ಇಬ್ಬರು ಹಿಡಿದೆತ್ತಿ ಹೊರಳಿಸುವುದನ್ನು ಅವನೇ ನನಗೆ ಕಲಿಸಿದ. ಮೊದಲ ಸಲ ನಾನು ತಪ್ಪು ತುದಿಯನ್ನು ಹಿಡಿದಿದ್ದೆ.