ಸ್ಟೇರಿಂಗ್ ಬದಲಾದ್ರೆ ಆಟ ಅದೇನಾ?

ಹಳೇ ಆರ್ಕೇಡ್ ಆಟಗಳನ್ನು ಮನೆಯ ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶಕ್ಕೆ ಎಮ್ಯುಲೇಟರ್ ಅಂತಾರೆ. 1997ರಲ್ಲಿ ಬಂದ ‘ಮೇಮ್’ ಇವುಗಳಲ್ಲಿ ಹೆಸರುವಾಸಿ. ಚಿತ್ರ ಅದೇ, ಸದ್ದು ಅದೇ. ಆದರೆ ಕಾರು ಓಡಿಸೋ ಆಟಕ್ಕೆ ಬೇಕಾದ ಸ್ಟೇರಿಂಗನ್ನು ಯಾವ ತಂತ್ರಾಂಶ ತಾನೇ ಕೊಟ್ಟೀತು? ನಮ್ಮ ಚಿಕ್ಕೇರೂರಿನಂಥ ಊರಿನ ಹುಡುಗನಿಗೆ ಸಿಗೋದು ಕೀಬೋರ್ಡಿನ ಎರಡು ಬಾಣದ ಗುಂಡಿ, ಹೆಚ್ಚಂದ್ರೆ ಒಂದು ಹಳೇ ಮೌಸು. ಅದರಲ್ಲಿ ಅವನು ಆಡಿದ್ದು ಅದೇ ಆಟವಾ?

1986ರ ಎರಡು ಆಟ ನೋಡಿ. ಸೆಗಾದ ‘ಔಟ್ ರನ್’ ಸ್ಟೇರಿಂಗ್ ಒಂದು ಮಿತಿಯವರೆಗೆ ತಿರುಗಿ ನಿಲ್ಲುತ್ತೆ; ಚಕ್ರ ಈಗ ಎಷ್ಟು ವಾಲಿದೆ ಅನ್ನೋದೇ ಅದಕ್ಕೆ ಲೆಕ್ಕ. ಅಟಾರಿಯ ‘ಸೂಪರ್ ಸ್ಪ್ರಿಂಟ್’ ಸ್ಟೇರಿಂಗಿಗೆ ತಡೆಯೇ ಇಲ್ಲ, ಗಿರಗಿರ ಸುತ್ತಬಹುದು. ಅದರೊಳಗಿನ ಸೀಳುಗಳಿರುವ ತಟ್ಟೆ ತಿರುಗಿದಾಗ ಬೆಳಕು ಕಡಿದು ಕಡಿದು ಬರುತ್ತೆ. ಎಷ್ಟು ಸರಿಯಿತು, ಯಾವ ಕಡೆ ಅನ್ನೋದಷ್ಟೇ ಅದಕ್ಕೆ ಗೊತ್ತು. ಗುಂಡು ಇದ್ದ ಹಳೇ ಮೌಸಿನ ಒಳಗೂ ಇದೇ ಉಪಾಯ. ಹಂಗಾಗಿ ‘ಸೂಪರ್ ಸ್ಪ್ರಿಂಟ್’ಗೆ ಅಂಗಡಿಯ ದುಬಾರಿ ಸ್ಟೇರಿಂಗಿಗಿಂತ ಗುಜರಿ ಮೌಸೇ ಹತ್ತಿರದ ಸಂಬಂಧಿ! ನೋಡೋಕೆ ಒಂದೇ ಥರ ಇರೋದು ಬೇರೆ, ಒಂದೇ ಥರ ಕೆಲಸ ಮಾಡೋದು ಬೇರೆ.

ಈ ಜಗಳ ನಮಗೆ ಹೊಸದಲ್ಲ. ಯುರೋಪಿನಿಂದ ಬಂದ ಕಾಲಿನ ಹಾರ್ಮೋನಿಯಂ ಇಲ್ಲಿ ನೆಲದ ಮೇಲೆ ಕೂತು ನುಡಿಸುವ ಕೈತಿದಿಯ ಪೆಟ್ಟಿಗೆಯಾಯಿತು. ಅದನ್ನು ಯಾರೂ ಮೋಸ ಅನ್ನಲಿಲ್ಲ. ತಕರಾರು ಇದ್ದದ್ದು ಮನೆಗಳ ಬಗ್ಗೆ: ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬರೋದಿಲ್ಲ. 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ಹೊರಗಿಟ್ಟಿತು. 1971ರ ಹೊತ್ತಿಗೆ ಆ ನಿಷೇಧ ಸಡಿಲವಾಯಿತು. ಅಷ್ಟರಲ್ಲಿ ಹಾನಗಲ್ ತಾಲ್ಲೂಕಿನ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳಂಥವರ ಬೆರಳಲ್ಲಿ ಅದೇ ಪೆಟ್ಟಿಗೆ ಸಂಗೀತವಾಗಿತ್ತು. ಬಾಣದ ಗುಂಡಿಯ ಕೊರತೆಯೂ ಇದೇ. ಒತ್ತಿದರೆ ಪೂರ್ತಿ ತಿರುವು, ಬಿಟ್ಟರೆ ಏನೂ ಇಲ್ಲ. ನಡುವಿನ ಜಾರು ಇಲ್ಲ.

ನನಗನಿಸೋದು, ಹೊಂದಿಸಿಕೊಳ್ಳೋದರಲ್ಲಿ ಎರಡು ಜಾತಿ ಇದೆ. ಒಂದು, ಆಡುವವನ ಮೈಗೆ, ಜೇಬಿಗೆ ತಕ್ಕಂತೆ ಮಾಡಿಕೊಳ್ಳೋದು. ಕಾಲು ಸ್ವಾಧೀನ ಇಲ್ಲದವರಿಗೆ ಪೆಡಲ್ ಬದಲು ಕೈಗುಂಡಿ ಕೊಟ್ಟರೆ ಆಟದ ಮಾನ ಹೋಗೋದಿಲ್ಲ, ಬಾಗಿಲು ತೆರೆಯುತ್ತೆ. ಇನ್ನೊಂದು, ಆಟ ಕೇಳುವ ಕುಶಲತೆಯನ್ನೇ ತೆಗೆದುಹಾಕೋದು. ತಿರುವಿನಲ್ಲಿ ಕಾರು ತಾನೇ ಸರಿಹೋಗುವಂತೆ ಮಾಡಿಕೊಂಡರೆ ಅದೂ ತಪ್ಪಲ್ಲ ಬಿಡಿ, ಮನೆಯಾಟ ತಾನೇ? ಆದ್ರೆ ಆ ಅಂಕ ತಂದು ‘ನಿನ್ನಕಿಂತ ಜಾಸ್ತಿ ಹೊಡದೀನಿ’ ಅಂತ ಗೆಳೆಯನ ಮುಂದೆ ಮೀಸೆ ತಿರುವಬಾರದು. ಏನು ಬದಲಿಸಿದೆ ಅನ್ನೋದನ್ನ ಬಾಯಿಬಿಟ್ಟು ಹೇಳೋದೇ ಇಲ್ಲಿನ ಪ್ರಾಮಾಣಿಕತೆ.

ಇನ್ನೂ ಒಂದು ಮಾತು. ಅಸಲಿ ಸ್ಟೇರಿಂಗ್ ಬೇಕು ಅಂತ ಚೆನ್ನಾಗಿ ಓಡುತ್ತಿರುವ ಹಳೇ ಯಂತ್ರದ ಕೊರಳು ಕೊಯ್ಯುವವರೂ ಇದ್ದಾರೆ. ಕೆಟ್ಟು ಗುಜರಿ ಸೇರಿದ್ದನ್ನು ಬಿಚ್ಚಿ ಬಳಸಿದರೆ ಅದಕ್ಕೊಂದು ಮರುಜನ್ಮ. ಜೀವಂತ ಇದ್ದದ್ದನ್ನು ಬಿಚ್ಚಿ ‘ಹಳೇದನ್ನ ಉಳಿಸ್ತಿದೀನಿ’ ಅಂದರೆ ಯಾರನ್ನ ಉಳಿಸಿದಂಗಾಯ್ತು? ಅಂಥ ಅಸಲಿಗಿಂತ ಆ ಗುಜರಿ ಮೌಸೇ ಮರ್ಯಾದಸ್ಥ.